ನೆಲಮಾಳಿಗೆಯ ಉಳಿ, ಗರಗಸ, ಕೀಸುಳಿ: ಅಮೆರಿಕದ ಎಸ್ಟೇಟ್ ಸೇಲ್‌ಗಳಲ್ಲಿ ಹಳೆಯ ಕೈ ಉಪಕರಣಗಳ ಶೋಧ

ವಾರಾಂತ್ಯದ ಬೆಳಗ್ಗೆ ಅಮೆರಿಕದ ಹಳೆಯ ಬಡಾವಣೆಗಳಲ್ಲಿ ಸಂಚರಿಸಿದವರಿಗೆ ರಸ್ತೆಯ ತಿರುವುಗಳಲ್ಲಿ ನೆಟ್ಟಿರುವ ‘ಎಸ್ಟೇಟ್ ಸೇಲ್’ ಎಂಬ ಬಾಣದ ಫಲಕಗಳ ಪರಿಚಯವಿರುತ್ತದೆ. ಮನೆಯ ಹಿರಿಯರು ತೀರಿಕೊಂಡಾಗ, ಅಥವಾ ಇಳಿವಯಸ್ಸಿನಲ್ಲಿ ಆರೈಕೆಯ ನಿವಾಸಕ್ಕೆ ತೆರಳಿದಾಗ, ಅವರು ಬಿಟ್ಟುಹೋದ ಸಮಸ್ತ ಸಾಮಗ್ರಿಯನ್ನು ಎರಡು ಮೂರು ದಿನಗಳಲ್ಲಿ ಮಾರಿ ಮನೆಯನ್ನು ಬರಿದುಮಾಡುವ ಏರ್ಪಾಡು ಇದು. ಬೇಡವಾದ ನಾಲ್ಕು ವಸ್ತುಗಳನ್ನು ಅಂಗಳದಲ್ಲಿ ಹರಡಿ ಮಾರುವ ಗರಾಜ್ ಸೇಲ್‌ಗಿಂತ ಇದು ಬೇರೆ. ಇಲ್ಲಿ ಇಡೀ ಮನೆಯೇ ತೆರೆದಿರುತ್ತದೆ. ಅಡುಗೆಮನೆಯ ಚಮಚದಿಂದ ನೆಲಮಾಳಿಗೆಯ ಮೊಳೆಡಬ್ಬಿಯವರೆಗೆ ಪ್ರತಿಯೊಂದಕ್ಕೂ ಬೆಲೆಚೀಟಿ ಅಂಟಿರುತ್ತದೆ.

ಬಹುಪಾಲು ಜನ ಪೀಠೋಪಕರಣ, ಪಿಂಗಾಣಿ, ಆಭರಣಗಳ ಕಡೆಗೆ ನಡೆಯುತ್ತಾರೆ. ಕೆಲವರು ಮಾತ್ರ ನೇರವಾಗಿ ನೆಲಮಾಳಿಗೆಯ ಮೆಟ್ಟಿಲಿಳಿದು ಅಲ್ಲಿನ ಕೆಲಸದ ಮೇಜಿನ ಬಳಿಗೆ ಹೋಗುತ್ತಾರೆ. ಅವರು ಹುಡುಕುವುದು ಹಳೆಯ ಕೈ ಉಪಕರಣಗಳನ್ನು: ಉಳಿ, ಗರಗಸ, ಬೈರಿಗೆ, ಮೂಲೆಮಟ್ಟ, ಮತ್ತು ಕೆಲವೆಡೆ ಹತ್ತರಿ, ಉಜ್ಜುಗೊರಡು ಎಂದೂ ಕರೆಯಲಾಗುವ ಕೀಸುಳಿ. ಮರಗೆಲಸದಲ್ಲಿ ಆಸಕ್ತಿಯಿರುವ ಅನಿವಾಸಿ ಕನ್ನಡಿಗರಿಗೆ ಈ ಶೋಧದ ಕ್ರಮವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ. ಮುಂದಿನ ಮಾತುಗಳ ಸಾರ ಇಷ್ಟೇ: ಉಪಕರಣದ ಮೇಲಿನ ಮುದ್ರೆ ಅದರ ಚರಿತ್ರೆಯನ್ನು ಹೇಳುತ್ತದೆ, ಅದು ಇನ್ನು ಮುಂದೆ ಕೆಲಸ ಮಾಡೀತೇ ಎಂಬುದನ್ನು ಅದರ ಮೈ ಮಾತ್ರ ಹೇಳುತ್ತದೆ. ಹೊಸಬರು ಮೊದಲನೆಯದನ್ನು ಓದಲು ಕಲಿತು ಎರಡನೆಯದನ್ನು ಮರೆಯುತ್ತಾರೆ.

ನೆಲಮಾಳಿಗೆಗೆ ಇವು ಬಂದ ಬಗೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಅಮೆರಿಕದ ಈಶಾನ್ಯ ರಾಜ್ಯಗಳು ಕೈ ಉಪಕರಣಗಳ ದೊಡ್ಡ ಕಾರ್ಖಾನೆಯಂತಿದ್ದವು. ಆಗ ಇವುಗಳ ಮುಖ್ಯ ಗ್ರಾಹಕ ವೃತ್ತಿಪರ ಬಡಗಿ. ದಿನಕ್ಕೆ ಹತ್ತು ಗಂಟೆ ಅದೇ ಗರಗಸವನ್ನು ಹಿಡಿಯುವವನು ಕಳಪೆ ಉಕ್ಕನ್ನು ಎರಡನೆಯ ಸಲ ಕೊಳ್ಳುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ವಿದ್ಯುತ್ ಗರಗಸ, ವಿದ್ಯುತ್ ಬೈರಿಗೆಗಳು ಮನೆಮನೆಗೂ ಬಂದವು. ಕೈ ಉಪಕರಣದ ಗ್ರಾಹಕ ಆಗೊಮ್ಮೆ ಈಗೊಮ್ಮೆ ಬಾಗಿಲು ಉಜ್ಜುವ ಗೃಹಸ್ಥನಾದ. ತಯಾರಕರು ಬೆಲೆಯನ್ನು ಇಳಿಸಿದರು, ಅದರೊಂದಿಗೆ ಗುಣಮಟ್ಟವೂ ಇಳಿಯಿತು. ಹಳೆಯ ಉಪಕರಣಗಳು ಮಾತ್ರ ಹಾಳಾಗದೆ, ಬಳಕೆಯೂ ಆಗದೆ, ಮೇಜಿನ ಕೆಳಗಿನ ಪೆಟ್ಟಿಗೆಗಳಲ್ಲಿ ಉಳಿದವು. ಇಂದು ಎಸ್ಟೇಟ್ ಸೇಲ್‌ಗಳಲ್ಲಿ ದೊರೆಯುವುದು ಈ ತಲೆಮಾರಿನ ಸಂಗ್ರಹ.

ಆದರೆ ಹಳೆಯದೆಲ್ಲ ಶ್ರೇಷ್ಠವೆಂಬ ನಂಬಿಕೆ ತಪ್ಪು. ಆ ಕಾಲದಲ್ಲೂ ಅಗ್ಗದ ಶ್ರೇಣಿಗಳಿದ್ದವು. ಇಂದಿನ ಉತ್ತಮ ತಯಾರಕರ ಕೀಸುಳಿಗಳು ಹಳೆಯವುಗಳಿಗೆ ಸರಿಸಮ. ಅನೇಕ ವೇಳೆ ಅವಕ್ಕಿಂತ ನಿಖರ. ಅವುಗಳ ಬೆಲೆ 300 ಡಾಲರನ್ನು ಮೀರುತ್ತದೆ, ಅಷ್ಟೇ. ಎಸ್ಟೇಟ್ ಸೇಲ್‌ನಲ್ಲಿ ಅದೇ ಕೆಲಸ ಮಾಡುವ ಹಳೆಯ ಕೀಸುಳಿ ಅದರ ಹತ್ತನೆಯ ಒಂದು ಭಾಗಕ್ಕೆ ದೊರೆಯುವುದುಂಟು. ಉಳಿದ ವ್ಯತ್ಯಾಸವನ್ನು ಕೊಂಡವನು ತನ್ನ ದುಡಿಮೆಯಿಂದ ತುಂಬಬೇಕು.

ಮಾರಾಟದ ರೀತಿನೀತಿ

ಬಹುತೇಕ ಎಸ್ಟೇಟ್ ಸೇಲ್‌ಗಳನ್ನು ಕುಟುಂಬದವರ ಪರವಾಗಿ ವೃತ್ತಿಪರ ಸಂಸ್ಥೆಗಳು ನಡೆಸುತ್ತವೆ ಮತ್ತು ಮಾರಾಟದ ಮೊತ್ತದಲ್ಲಿ ಒಂದು ಪಾಲನ್ನು ಪಡೆಯುತ್ತವೆ. ಕೆಲವು ದಿನಗಳ ಮೊದಲೇ ಛಾಯಾಚಿತ್ರಗಳು ಜಾಲತಾಣಗಳಲ್ಲಿ ಪ್ರಕಟವಾಗುತ್ತವೆ. ಉಪಕರಣಗಳ ಶೋಧ ಆರಂಭವಾಗುವುದೇ ಈ ಚಿತ್ರಗಳಿಂದ. ಸೋಫಾದ ಚಿತ್ರದ ಹಿನ್ನೆಲೆಯಲ್ಲಿ, ಗರಾಜಿನ ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ ಗರಗಸಗಳು ಕಂಡರೆ, ಆ ಮನೆಯವರು ಉಪಕರಣಗಳನ್ನು ಬಲ್ಲವರಾಗಿದ್ದರೆಂದು ಊಹಿಸಬಹುದು. ಹರಿತದ ಕಲ್ಲು, ಮರಗೆಲಸದ ಬೆಂಚು, ಶಿಕಂಜೆಗಳ ಸಾಲು ಇವೂ ಅಂಥ ಸೂಚನೆಗಳೇ. ಪ್ಲಾಸ್ಟಿಕ್ ಹಿಡಿಯ ತಿರುಪುಳಿಗಳ ರಾಶಿ ಮಾತ್ರ ಕಂಡರೆ ಆ ಪ್ರಯಾಣವನ್ನು ಕೈಬಿಡಬಹುದು.

ಮೊದಲ ದಿನ ಬೆಳಗ್ಗೆ ಬಾಗಿಲಲ್ಲಿ ಸಂಖ್ಯೆಯ ಚೀಟಿಗಳನ್ನು ಕೊಡುವುದು ಅಥವಾ ಹೆಸರು ಬರೆಯುವ ಹಾಳೆಯನ್ನು ಇಡುವುದು ವಾಡಿಕೆ. ಆ ಕ್ರಮದಲ್ಲಿಯೇ ಒಳಗೆ ಬಿಡುತ್ತಾರೆ. ಮೊದಲ ದಿನ ಗುರುತಿಸಿದ ಬೆಲೆಯಲ್ಲಿ ರಿಯಾಯಿತಿ ಅಪರೂಪ. ಎರಡನೆಯ ದಿನ ಸ್ವಲ್ಪ ಇಳಿಯುತ್ತದೆ, ಕೊನೆಯ ದಿನ ಅರ್ಧಕ್ಕೆ ಬರುವುದೂ ಸಾಮಾನ್ಯ. ಕೊಂಡ ವಸ್ತುವನ್ನು ಹಿಂದಿರುಗಿಸುವ ಅವಕಾಶ ಇರುವುದಿಲ್ಲ. ಕೊನೆಯ ದಿನದ ಸಂಜೆ ಉಳಿದದ್ದು ದಾನದ ಅಂಗಡಿಗೋ ಗುಜರಿಗೋ ಕಸದ ತೊಟ್ಟಿಗೋ ಹೋಗುತ್ತದೆ. ತುಕ್ಕು ಹಿಡಿದ ಉಪಕರಣಗಳ ಪಾಲಿಗೆ ಸಾಮಾನ್ಯವಾಗಿ ಕೊನೆಯ ಎರಡೇ ಗತಿ. ತೀರ ಸುಂದರವಾದದ್ದು ಮೊದಲ ಗಂಟೆಯಲ್ಲೇ ವ್ಯಾಪಾರಿಗಳ ಪಾಲಾಗುತ್ತದೆ, ನಿಜ. ಆದರೆ ಕೊಳೆ ಮುಚ್ಚಿದ ಒಳ್ಳೆಯ ಉಪಕರಣ ಕೊನೆಯ ದಿನದವರೆಗೂ ಕಾಯುತ್ತಿರಬಹುದು. ಅದನ್ನು ಗುರುತಿಸುವ ಕಣ್ಣೇ ಇಲ್ಲಿ ಬೇಕಾದದ್ದು.

ಜೊತೆಗೆ ಒಯ್ಯಬೇಕಾದದ್ದು ಕಡಿಮೆ: ನಗದು ಹಣ, ಕೈದೀಪ, ಕೈಗವಸು, ಒಂದು ಚಿಂದಿ ಬಟ್ಟೆ, ಆರು ಅಂಗುಲದ ಉಕ್ಕಿನ ಅಳತೆಪಟ್ಟಿ.

ಮುದ್ರೆಗಳನ್ನು ಓದುವುದು

ಅಮೆರಿಕದ ಲೋಹದ ಕೀಸುಳಿಗಳಲ್ಲಿ ಅತಿ ಹೆಚ್ಚಾಗಿ ದೊರೆಯುವುದು ಸ್ಟ್ಯಾನ್ಲಿಯವು. ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಪಟ್ಟಣದ ಸ್ಟ್ಯಾನ್ಲಿ ರೂಲ್ ಅಂಡ್ ಲೆವೆಲ್ ಕಂಪನಿ 1869ರಲ್ಲಿ ಲೆನಾರ್ಡ್ ಬೈಲಿ ಎಂಬ ಉಪಕರಣ ತಯಾರಕನ ಪೇಟೆಂಟುಗಳನ್ನು ಕೊಂಡಿತು. ಅಲಗನ್ನು ಒಂದು ಹಿತ್ತಾಳೆಯ ಚಕ್ರದಿಂದ ಕೂದಲೆಳೆಯಷ್ಟು ಏರಿಸಿ ಇಳಿಸುವ ಬೈಲಿಯ ವಿನ್ಯಾಸವೇ ಇಂದಿಗೂ ಲೋಹದ ಕೀಸುಳಿಗಳ ಮಾದರಿ. ಇವುಗಳಿಗೆ ಗಾತ್ರಕ್ಕನುಗುಣವಾಗಿ 1ರಿಂದ 8ರವರೆಗೆ ಸಂಖ್ಯೆಗಳಿವೆ. ಸುಮಾರು 9 ಅಂಗುಲದ 4ನೆಯದು ಕೊನೆಯ ನುಣುಪಿಗೆ, 14 ಅಂಗುಲದ 5ನೆಯದು ಒರಟು ಕೆಲಸಕ್ಕೆ, 22 ಅಂಗುಲದ 7ನೆಯದು ಹಲಗೆಯ ಅಂಚನ್ನು ನೇರಗೊಳಿಸುವುದಕ್ಕೆ. ಈ ಮೂರಿದ್ದರೆ ಮನೆಯ ಮರಗೆಲಸಕ್ಕೆ ಸಾಕು. ಐದೂವರೆ ಅಂಗುಲದ 1ನೆಯದು ಅಪರೂಪದ್ದು; ಸಂಗ್ರಾಹಕರು ಅದಕ್ಕೆ ಸಾವಿರ ಡಾಲರಿಗೂ ಮೀರಿ ಕೊಡುತ್ತಾರೆ, ಹಾಗಾಗಿಯೇ ಅದರ ನಕಲಿಗಳೂ ಇವೆ.

ಕಾಲನಿರ್ಣಯಕ್ಕೆ ಮೊದಲ ಆಧಾರ ಎರಕದಲ್ಲಿಯೇ ಮೂಡಿರುವ ಪೇಟೆಂಟ್ ದಿನಾಂಕಗಳು. ಮೈಯ ಮೇಲೆ 1902ರ ಎರಡು ಮತ್ತು 1910ರ ಒಂದು ದಿನಾಂಕವಿರುವ ಕೀಸುಳಿಗಳು ಬಳಕೆದಾರರಿಗೆ ಅಚ್ಚುಮೆಚ್ಚು. ಆದರೆ ದಿನಾಂಕ ಹೇಳುವುದು ‘ಇದಕ್ಕಿಂತ ಮೊದಲು ಆಗಿರಲಾರದು’ ಎಂಬುದನ್ನು ಮಾತ್ರ. 1910 ಎಂದಿದ್ದರೆ ಅದು 1910ರಲ್ಲೇ ತಯಾರಾಯಿತೆಂದಲ್ಲ. ಅಲಗಿನ ಮೇಲೆ ಹೃದಯದ ಆಕೃತಿಯೊಳಗೆ ಎಸ್ ಡಬ್ಲ್ಯೂ ಅಕ್ಷರಗಳಿದ್ದರೆ ಅದು 1920ರಿಂದ 1930ರ ದಶಕದ ಮಧ್ಯದವರೆಗಿನದು. ಸಂಗ್ರಾಹಕರು ಅದನ್ನು ‘ಸ್ವೀಟ್‌ಹಾರ್ಟ್’ ಎಂದು ಕರೆಯುತ್ತಾರೆ. ಅಲಗನ್ನು ಬಿಗಿಯುವ ಮುಚ್ಚಳದ ರಂಧ್ರ ಮೂತ್ರಪಿಂಡದ ಆಕಾರದಲ್ಲಿದ್ದರೆ ಆ ಭಾಗ 1930ರ ದಶಕದ್ದು ಅಥವಾ ಆಮೇಲಿನದು. ಇಲ್ಲಿ ‘ಆ ಭಾಗ’ ಎಂಬ ಮಾತಿಗೆ ಒತ್ತು ಕೊಡಬೇಕು. ಬಡಗಿಗಳು ಸವೆದ ಅಲಗನ್ನು ಬದಲಿಸುತ್ತಿದ್ದರು, ಒಂದರ ಮುಚ್ಚಳವನ್ನು ಇನ್ನೊಂದಕ್ಕೆ ಹಾಕುತ್ತಿದ್ದರು. ಒಂದೇ ಕೀಸುಳಿಯಲ್ಲಿ ಮೂರು ದಶಕಗಳು ಬೆರೆತಿರುವುದು ಸಾಮಾನ್ಯ. ಸಂಗ್ರಾಹಕನಿಗೆ ಅದು ದೋಷ, ಬಳಸುವವನಿಗೆ ಅಲ್ಲ.

ಗರಗಸಗಳಲ್ಲಿ ಡಿಸ್ಟನ್ ಹೆಸರು ದೊಡ್ಡದು. ಇಂಗ್ಲೆಂಡಿನಲ್ಲಿ ಹುಟ್ಟಿ ಬಾಲಕನಾಗಿ ವಲಸೆ ಬಂದ ಹೆನ್ರಿ ಡಿಸ್ಟನ್ 1840ರಲ್ಲಿ ಫಿಲಡೆಲ್ಫಿಯಾದಲ್ಲಿ ಗರಗಸದ ಕೆಲಸ ಆರಂಭಿಸಿದ. ಹಿಡಿಯ ಮೇಲಿನ ಹಿತ್ತಾಳೆಯ ಬಿಲ್ಲೆಯ ಬರಹ ಕಾಲದೊಂದಿಗೆ ಬದಲಾಗಿದೆ. ‘ಮಗ’ ಎಂಬರ್ಥದ ‘ಸನ್’ ಏಕವಚನದಲ್ಲಿದ್ದರೆ ಅದು 1860ರ ದಶಕದ ಉತ್ತರಾರ್ಧದ ಸುಮಾರಿನದು. ಬಹುವಚನದ ‘ಸನ್ಸ್’ ಆದರೆ ಆಮೇಲಿನದು. 1955ರಲ್ಲಿ ಸಂಸ್ಥೆ ಕುಟುಂಬದ ಕೈತಪ್ಪಿತು. ‘ವಾರಂಟೆಡ್ ಸುಪೀರಿಯರ್’ ಎಂಬ ಬಿಲ್ಲೆ ನೋಡಲು ಭರವಸೆ ಹುಟ್ಟಿಸುತ್ತದೆ; ವಾಸ್ತವವಾಗಿ ಅದು ಯಾವ ತಯಾರಕನ ಹೆಸರೂ ಅಲ್ಲ, ಹಲವು ತಯಾರಕರು ಸಾಮಾನ್ಯವಾಗಿ ಎರಡನೆಯ ದರ್ಜೆಯ ಗರಗಸಗಳಿಗೆ ಹಾಕುತ್ತಿದ್ದ ಬಿಲ್ಲೆ.

ಉಳಿಗಳ ಮೇಲೆ ಕಾಣುವ ‘ಕ್ಯಾಸ್ಟ್ ಸ್ಟೀಲ್’ ಎಂಬ ಮುದ್ರೆಯೂ ಹೊಸಬರನ್ನು ದಾರಿತಪ್ಪಿಸುತ್ತದೆ. ಅದು ಬೀಡುಕಬ್ಬಿಣವಲ್ಲ. ಹದಿನೆಂಟನೆಯ ಶತಮಾನದಲ್ಲಿ ಶೆಫೀಲ್ಡ್‌ನ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದ, ಮೂಸೆಯಲ್ಲಿ ಕರಗಿಸಿ ಮಾಡುವ ಉತ್ತಮ ಉಕ್ಕಿನ ಹೆಸರದು. ಅಂಥ ಉಳಿ ಕಂಡರೆ ಕೈಬಿಡಬಾರದು. ಮಸಾಚುಸೆಟ್ಸ್‌ನ ಮಿಲ್‌ಬರಿಯ ಬಕ್ ಬ್ರದರ್ಸ್ ಉಳಿಗಳು, ಅದೇ ರಾಜ್ಯದ ಆಥಾಲ್‌ನಲ್ಲಿ 1880ರಿಂದ ನಡೆದುಬಂದಿರುವ ಸ್ಟಾರೆಟ್ ಸಂಸ್ಥೆಯ ಮೂಲೆಮಟ್ಟಗಳು, ಮಿಲರ್ಸ್ ಫಾಲ್ಸ್ ಸಂಸ್ಥೆಯ ಕೈಬೈರಿಗೆಗಳು ನೆನಪಿಡಬೇಕಾದ ಇತರ ಹೆಸರುಗಳು.

ಮೈಯನ್ನು ಪರೀಕ್ಷಿಸುವುದು

ಕೀಸುಳಿಯ ಮೈ ಬೀಡುಕಬ್ಬಿಣದ್ದು. ಸಿಮೆಂಟಿನ ನೆಲಕ್ಕೆ ಒಮ್ಮೆ ಬಿದ್ದರೆ ಬಿರುಕು ಬಿಡುತ್ತದೆ. ಬಿರುಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಲಗು ಹೊರಬರುವ ಬಾಯಿಯ ಮೂಲೆಗಳಲ್ಲಿ ಮತ್ತು ಪಕ್ಕದ ಗೋಡೆಗಳಲ್ಲಿ. ಈ ಜಾಗಗಳನ್ನು ಬಟ್ಟೆಯಿಂದ ಒರೆಸಿ, ದೀಪ ಹಿಡಿದು ನೋಡದೆ ಹಣ ಕೊಡಕೂಡದು. ಈ ಲೇಖಕ ಕೊಂಡ ಮೊದಲ 5ನೆಯ ಸಂಖ್ಯೆಯ ಕೀಸುಳಿಗೆ ಚೆಂದದ ಹಿಡಿಯಿತ್ತು, ಮೂರು ಪೇಟೆಂಟ್ ದಿನಾಂಕಗಳಿದ್ದವು. ಮನೆಯಲ್ಲಿ ಹಳೆಯ ಗ್ರೀಸನ್ನು ತೊಳೆದ ಮೇಲೆ ಬಾಯಿಯಿಂದ ಪಕ್ಕದ ಗೋಡೆಯವರೆಗೆ ಏರಿದ ಬಿರುಕೂ ಇತ್ತು. ದಿನಾಂಕಗಳನ್ನು ಓದಲು ವ್ಯಯಿಸಿದ ಸಮಯದ ಕಾಲುಭಾಗವನ್ನು ಬಾಯಿಯ ಮೇಲೆ ವ್ಯಯಿಸಿದ್ದರೆ ಸಾಕಿತ್ತು.

ಅನಂತರ ನೋಡಬೇಕಾದದ್ದು ಅಲಗು. ಅದರ ಸೀಳಿನಿಂದ ಅಂಚಿನವರೆಗೆ ಸಾಕಷ್ಟು ಉಕ್ಕು ಉಳಿದಿದೆಯೇ? ಚಪ್ಪಟೆಯ ಬೆನ್ನಿನಲ್ಲಿ, ಅಂಚಿನ ಹತ್ತಿರ ತುಕ್ಕಿನ ಗುಳಿಗಳಿವೆಯೇ? ಗುಳಿಯಿದ್ದಲ್ಲಿ ಹರಿತವಾದ ಅಂಚು ಮೂಡದು. ಆದರೆ ಅಲಗು ಬದಲಿಸಬಹುದಾದ ಭಾಗ, ಹೊಸದು ಸಿಗುತ್ತದೆ. ತಿರುಪುಗಳ ವಿಷಯದಲ್ಲಿ ಹಾಗಲ್ಲ. ಸ್ಟ್ಯಾನ್ಲಿಯ ಹಲವು ತಿರುಪುಗಳ ಎಳೆ ಇಂದಿನ ಸಾಮಾನ್ಯ ಅಳತೆಯದಲ್ಲವಾದ್ದರಿಂದ ಕಳೆದುಹೋದದ್ದನ್ನು ಹತ್ತಿರದ ಅಂಗಡಿಯಲ್ಲಿ ತರಲಾಗದು. ಎಲ್ಲ ಭಾಗಗಳೂ ಇವೆಯೇ ಎಂದು ಎಣಿಸುವುದು ಆದ್ದರಿಂದ ಮುಖ್ಯ. ಮರದ ಹಿಡಿ ಒಡೆದಿದ್ದರೆ ಚಿಂತೆಯಿಲ್ಲ, ಅಂಟು ಸಾಕು. ಮೇಲ್ಮೈಯ ತುಕ್ಕಿಗೂ ಹೆದರಬೇಕಿಲ್ಲ.

ಗರಗಸವನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ಹಲ್ಲುಗಳ ಸಾಲಿನುದ್ದಕ್ಕೂ ನೋಡಬೇಕು. ನಯವಾದ ಬಾಗನ್ನು ಕೈಯಿಂದಲೇ ಸರಿಪಡಿಸಬಹುದು. ಒಂದೆಡೆ ಚೂಪಾಗಿ ಮುರಿದಂತಿರುವ ಮಡಿಕೆಯನ್ನು ನುರಿತವರೂ ಪೂರ್ತಿ ತೆಗೆಯಲಾರರು. ತಗಡಿನ ಅಗಲ ತುದಿಯಲ್ಲಿ ತೀರ ಕಿರಿದಾಗಿದ್ದರೆ ಅನೇಕ ಸಲ ಅರ ಹಿಡಿಸಿಕೊಂಡು ಆಯುಸ್ಸು ಮುಗಿಸಿದೆ ಎಂದರ್ಥ. ಹಲ್ಲು ಮೊಂಡಾಗಿರುವುದು ದೋಷವಲ್ಲ, ಹಲ್ಲುಗಳೇ ಮುರಿದಿರುವುದು ದೋಷ. ಹಿಡಿಯ ಹತ್ತಿರ ತಗಡಿನ ಮೇಲೆ ಕೊರೆದಿರುವ ಸಣ್ಣ ಅಂಕಿ ಒಂದು ಅಂಗುಲಕ್ಕೆ ಎಷ್ಟು ಹಲ್ಲುಮೊನೆಗಳಿವೆ ಎಂಬುದನ್ನು ತಿಳಿಸುತ್ತದೆ. ಐದೂವರೆಯ ಆಸುಪಾಸಿನದು ಮರದ ಎಳೆಯುದ್ದಕ್ಕೆ ಸೀಳಲು, 8ರಿಂದ 10ರವರೆಗಿನದು ಅಡ್ಡ ಕೊಯ್ಯಲು. ಉತ್ತಮ ಹಳೆಯ ಗರಗಸದ ತಗಡು ಹಲ್ಲಿನ ಕಡೆ ದಪ್ಪ, ಬೆನ್ನಿನ ಕಡೆ ತೆಳು. ಹೀಗೆ ಅರೆದಿರುವುದರಿಂದಲೇ ಅದು ಮರದಲ್ಲಿ ಸಿಕ್ಕಿಕೊಳ್ಳದೆ ಸಾಗುತ್ತದೆ.

ಉಳಿಯಲ್ಲಿ ಮೂರು ಅಂಶ. ಉದ್ದ ಉಳಿದಿರಬೇಕು, ಬೆನ್ನಿನಲ್ಲಿ ಗುಳಿಗಳಿರಬಾರದು, ತುದಿ ನೀಲಿಗಟ್ಟಿರಬಾರದು. ಸಾಣೆಯಂತ್ರಕ್ಕೆ ಒರಟಾಗಿ ಹಿಡಿದು ಕಾಯಿಸಿದ ಉಕ್ಕು ನೀಲಿಯಾಗುತ್ತದೆ, ಅಷ್ಟು ಭಾಗದ ಹದ ಹೋಗಿರುತ್ತದೆ. ಹಿಡಿ ಕೂರುವ ಕೊಳವೆಯ ಬಾಯಿ ಅಣಬೆಯಂತೆ ಅರಳಿದ್ದರೆ ಯಾರೋ ಹಿಡಿಯಿಲ್ಲದೆ ಸುತ್ತಿಗೆಯಿಂದ ನೇರ ಬಡಿದಿದ್ದಾರೆ. ಕೈಬೈರಿಗೆಯ ಮೊನೆಗಳಲ್ಲಿ ತುದಿಯ ತಿರುಪು ಚೂಪಾಗಿರಬೇಕು. ಹಿಂಬದಿಯ ಅಂಕಿ ಅಂಗುಲದ ಹದಿನಾರನೆಯ ಭಾಗಗಳ ಲೆಕ್ಕ, 8 ಎಂದರೆ ಅರ್ಧ ಅಂಗುಲ. ಮೂಲೆಮಟ್ಟವನ್ನು ಪರೀಕ್ಷಿಸಲು ನೇರ ಅಂಚಿನ ಹಲಗೆಯೊಂದಕ್ಕೆ ಅದನ್ನು ಹಿಡಿದು ಗೆರೆ ಎಳೆದು, ತಿರುವಿಹಾಕಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಗೆರೆಗಳು ಒಂದಾದರೆ ಮಟ್ಟ ಸರಿ.

ಬೆಲೆ ಮತ್ತು ನ್ಯಾಯ

ಎಸ್ಟೇಟ್ ಸೇಲ್‌ನಲ್ಲಿ ಕೊಳ್ಳುವವನು ಮರೆಯಬಾರದ ಸಂಗತಿಯೊಂದಿದೆ. ಅವನು ನಿಂತಿರುವುದು ಅಂಗಡಿಯಲ್ಲಲ್ಲ, ಇತ್ತೀಚಿನವರೆಗೂ ಯಾರೋ ಬಾಳಿದ ಮನೆಯಲ್ಲಿ. ಹಲವು ವೇಳೆ ಮಕ್ಕಳೋ ಸಂಗಾತಿಯೋ ಅಲ್ಲೇ ಇರುತ್ತಾರೆ. ಸಾಧಾರಣ ಉಪಕರಣದ ಬೆಲೆ ಚೌಕಾಸಿ ಮಾಡುವುದರಲ್ಲಿ ತಪ್ಪಿಲ್ಲ. ಮಾರುವವರೂ ಅದನ್ನು ನಿರೀಕ್ಷಿಸುತ್ತಾರೆ. ಆದರೆ ಸಾವಿರ ಡಾಲರಿನ ವಸ್ತುವಿಗೆ ಹತ್ತು ಡಾಲರಿನ ಚೀಟಿ ಅಂಟಿರುವುದನ್ನು ಕಂಡಾಗ ಏನು ಮಾಡಬೇಕು? ಚೀಟಿಯ ಬೆಲೆ ಕೊಟ್ಟು ಹೊರಡುವುದನ್ನು ಕಾನೂನು ಸಾಮಾನ್ಯವಾಗಿ ತಡೆಯದು. ಬೆಲೆ ಕಟ್ಟುವುದು ಸಂಸ್ಥೆಯ ಕೆಲಸ, ಅದಕ್ಕೆಂದೇ ಅದು ಪಾಲು ಪಡೆಯುತ್ತದೆ ಎಂಬ ವಾದವೂ ಇದೆ. ಆ ವಾದ ವ್ಯಾಪಾರಿಗೆ ಒಪ್ಪಬಹುದು. ಕುಟುಂಬದವರೇ ಬೆಲೆ ಬರೆದ ಮನೆಯಲ್ಲಿ ಅದು ಸಲ್ಲದು. ಅಲ್ಲಿ ತಿಳಿದವನು ತಿಳಿಸಬೇಕು, ಆಮೇಲೆ ತನ್ನ ಬೆಲೆಯನ್ನು ಹೇಳಬೇಕು. ಹಾಗೆ ಹೇಳಿದವನಿಗೆ ಇನ್ನೊಂದು ಪೆಟ್ಟಿಗೆಯನ್ನು ತೆರೆದು ತೋರಿಸುವವರೂ ಇದ್ದಾರೆ.

ಉಪಕರಣದ ಪೆಟ್ಟಿಗೆಯ ಒಳಗೂಡುಗಳಲ್ಲಿ ಕಾರ್ಮಿಕ ಸಂಘದ ಸದಸ್ಯತ್ವದ ಚೀಟಿ, ಛಾಯಾಚಿತ್ರ, ಅಳತೆಗಳನ್ನು ಗೀಚಿದ ಪುಸ್ತಕ ಸಿಗುವುದುಂಟು. ಅವು ಕೊಂಡ ಸರಕಿನ ಭಾಗವಲ್ಲ. ಮೇಲಕ್ಕೆ ಒಯ್ದು ಮನೆಯವರ ಕೈಗೆ ಕೊಡಬೇಕು. ಹಾಗೆಯೇ ಒಂದೇ ಕೈ ದಶಕಗಳ ಕಾಲ ಜೋಡಿಸಿದ ಉಳಿಗಳ ಕಂತೆಯನ್ನು ಒಡೆಯದೆ ಕೊಳ್ಳುವುದು ಒಳ್ಳೆಯದು.

ತುಕ್ಕು ತೆಗೆಯುವುದು

ಹಗುರ ತುಕ್ಕಿಗೆ ಎಣ್ಣೆ ಮತ್ತು ಉಕ್ಕಿನ ನಾರು ಸಾಕು. ಹೆಚ್ಚಿನ ತುಕ್ಕಿಗೆ ಬಿಳಿ ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ಉಜ್ಜಿ, ಅಡುಗೆ ಸೋಡದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ಇನ್ನೊಂದು ವಿಧಾನ ವಿದ್ಯುದ್ವಿಭಜನೆ: ವಾಷಿಂಗ್ ಸೋಡ ಬೆರೆಸಿದ ನೀರಿನಲ್ಲಿ ಉಪಕರಣವನ್ನು ಮುಳುಗಿಸಿ, ಕಾರಿನ ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ಅದಕ್ಕೆ, ಧನ ತುದಿಯನ್ನು ಬೇರೊಂದು ಕಬ್ಬಿಣದ ತುಂಡಿಗೆ ಜೋಡಿಸುವುದು. ಆ ತುಂಡು ಸ್ಟೇನ್‌ಲೆಸ್ ಉಕ್ಕಿನದಾಗಿರಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತ ಹುಟ್ಟುತ್ತದೆ. ಹೈಡ್ರೋಜನ್ ಅನಿಲ ಹೊಮ್ಮುವುದರಿಂದ ಈ ಕೆಲಸ ಬಯಲಿನಲ್ಲೇ ಆಗಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯುಂಟು. ಒಣ ಬಣ್ಣವನ್ನು ಉಜ್ಜಿ ಧೂಳೆಬ್ಬಿಸುವುದು, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ, ಸಲ್ಲದು.

ಉತ್ಸಾಹ ಇಲ್ಲಿ ಮಿತಿಯಲ್ಲಿರಬೇಕು. ಗರಗಸದ ತಗಡಿನ ಮೇಲೆ ತುಕ್ಕಿನಡಿಯಲ್ಲಿ ತಯಾರಕನ ಚಿತ್ತಾರದ ಮುದ್ರೆ ಅಡಗಿರಬಹುದು. ಯಂತ್ರದ ಕುಂಚ ಅದನ್ನು ನಿಮಿಷದಲ್ಲಿ ಅಳಿಸುತ್ತದೆ. ಹಲಗೆಯ ತುಂಡಿಗೆ ಸುತ್ತಿದ ನಯವಾದ ಉಪ್ಪುಕಾಗದದಿಂದ ನಿಧಾನವಾಗಿ ಉಜ್ಜಿದರೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ಗಡಿ ದಾಟುವಾಗ

ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಉತ್ತಮ ಕೀಸುಳಿಗಳ ಹಿಡಿಗಳು ಹೆಚ್ಚಾಗಿ ಬ್ರೆಜಿಲಿನ ರೋಸ್‌ವುಡ್‌ನವು. ನಮ್ಮ ಪಶ್ಚಿಮಘಟ್ಟದ ಬೀಟೆಯೂ ಇದೇ ಕುಲದ ಮರ. ಕಪ್ಪು ಗೆರೆಗಳ ಆ ಹಿಡಿಯನ್ನು ಒರೆಸಿದಾಗ ಮಲೆನಾಡಿನ ಹಳೆಯ ಮನೆಗಳ ಬೀಟೆ ಪೆಟ್ಟಿಗೆಗಳನ್ನು ಕಂಡವರಿಗೆ ಹೋಲಿಕೆ ತಾನಾಗಿ ಹೊಳೆಯುತ್ತದೆ. ಬ್ರೆಜಿಲಿನ ಮರ 1992ರಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಅನುಬಂಧದಲ್ಲಿದೆ. ಆದ್ದರಿಂದ ಅಂಥ ಹಿಡಿಯ ಕೀಸುಳಿಯನ್ನು ಊರಿನ ಬಡಗಿಗೋ ಬಂಧುವಿಗೋ ಉಡುಗೊರೆಯಾಗಿ ಒಯ್ಯುವ ಮುನ್ನ ನಿಯಮಗಳನ್ನು ವಿಚಾರಿಸಬೇಕು. ಆನೆದಂತದ ಹಳೆಯ ಅಳತೆಪಟ್ಟಿಗಳಿಗೂ ಬಿಗಿಯಾದ ನಿರ್ಬಂಧಗಳಿವೆ. ಉಳಿದ ಉಪಕರಣಗಳನ್ನು ವಿಮಾನದಲ್ಲಿ ಒಯ್ಯುವಾಗ ಅಮೆರಿಕದ ನಿಯಮದಂತೆ 7 ಅಂಗುಲಕ್ಕಿಂತ ಉದ್ದದವನ್ನು ಕೈಚೀಲದಲ್ಲಿ ಇಡುವಂತಿಲ್ಲ. ಉಳಿ, ಗರಗಸಗಳಂತಹ ಹರಿತವಾದವನ್ನು ಗಾತ್ರ ನೋಡದೆ ಸಾಮಾನಿನ ಪೆಟ್ಟಿಗೆಯಲ್ಲಿಯೇ ಸುತ್ತಿಡುವುದು ಕ್ಷೇಮ.

ಹೆಚ್ಚು ತಿಳಿಯಬಯಸುವವರಿಗೆ 1933ರಲ್ಲಿ ಸ್ಥಾಪನೆಯಾದ ಅರ್ಲಿ ಅಮೆರಿಕನ್ ಇಂಡಸ್ಟ್ರೀಸ್ ಅಸೋಸಿಯೇಷನ್ ಮತ್ತು ಮಿಡ್‌ವೆಸ್ಟ್ ಟೂಲ್ ಕಲೆಕ್ಟರ್ಸ್ ಅಸೋಸಿಯೇಷನ್ ಒಳ್ಳೆಯ ಬಾಗಿಲುಗಳು. ಅವುಗಳ ಕೂಟಗಳಲ್ಲಿ ಹಿರಿಯ ಸದಸ್ಯರು ಉಪಕರಣವನ್ನು ಕೈಗೆ ಕೊಟ್ಟು ಕಲಿಸುತ್ತಾರೆ. ಚಿತ್ರ ನೋಡಿ ಕಲಿಯಲಾಗದ್ದು ಹಾಗೆ ಬರುತ್ತದೆ.

ಹೆಸರಿನ ಗುರುತು

ಹಳೆಯ ಉಳಿಗಳ ಹಿಡಿಯ ಮೇಲೆ, ಕೀಸುಳಿಗಳ ಪಕ್ಕದಲ್ಲಿ, ತಯಾರಕನ ಮುದ್ರೆಯಲ್ಲದೆ ಇನ್ನೊಂದು ಹೆಸರು ಒತ್ತಿರುವುದನ್ನು ಕಾಣಬಹುದು. ಅದು ಒಡೆಯನ ಹೆಸರು. ಹಲವರು ಒಟ್ಟಿಗೆ ದುಡಿಯುವ ಕಡೆ ಉಪಕರಣ ಬೆರೆಯಬಾರದೆಂದು ಬಡಗಿಗಳು ತಮ್ಮ ಹೆಸರಿನ ಅಚ್ಚನ್ನು ಒತ್ತಿಕೊಳ್ಳುತ್ತಿದ್ದರು. ಕೆಲವು ಹಿಡಿಗಳಲ್ಲಿ ಒಂದರ ಕೆಳಗೊಂದರಂತೆ ಎರಡು ಮೂರು ಹೆಸರುಗಳಿರುತ್ತವೆ. ಸಂಗ್ರಹದ ಮಾರುಕಟ್ಟೆಯಲ್ಲಿ ಅದರಿಂದ ಬೆಲೆ ತಗ್ಗಬಹುದು. ಬಳಸುವವನಿಗೆ ಮಾತ್ರ ಅದು ಆಶ್ವಾಸನೆ: ಈ ಉಳಿಯನ್ನು ಒಬ್ಬರಾದ ಮೇಲೊಬ್ಬರು ಉಳಿಸಿಕೊಳ್ಳಲು ಬಯಸಿದ್ದರು. ಆಯುಧಪೂಜೆಯ ದಿನ ಸುತ್ತಿಗೆ ಗರಗಸಗಳನ್ನು ತೊಳೆದು ಕುಂಕುಮವಿಡುವ ಮನೆಗಳಲ್ಲಿ ಬೆಳೆದವರಿಗೆ ಈ ಮನೋಭಾವವನ್ನು ವಿವರಿಸಬೇಕಿಲ್ಲ. ಹೆಸರನ್ನು ಉಜ್ಜಿ ತೆಗೆಯದೆ, ಅಲಗನ್ನು ಮಾತ್ರ ಹರಿತಗೊಳಿಸಿ ಕೆಲಸಕ್ಕೆ ಹಚ್ಚಿದರೆ ಸಾಕು.